ತವರಿನ ಹೆಪ್ಪು

ಧಾರವಾಡದಲ್ಲಿ ಹೆಪ್ಪು ಕೇಳಿಕೊಂಡು ಬಂದವರನ್ನು ಬರಿಗೈಯಲ್ಲಿ ಕಳಿಸಿದ ಮನೆ ಇನ್ನೂ ಹುಟ್ಟಿಲ್ಲ. ಸಕ್ಕರೆ ಕೇಳಿದರೆ ಡಬ್ಬಿ ಖಾಲಿ ಎನ್ನಬಹುದು, ಏಣಿ ಕೇಳಿದರೆ ಮುರಿದಿದೆ ಎನ್ನಬಹುದು. ಹಾಲಿಗೆ ಹಾಕಲು ಒಂದು ಚಮಚ ಮೊಸರು ಕೇಳಿದರೆ ಮಾತ್ರ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ದೀಪ ಹಚ್ಚಿದ ಮೇಲೆ ಕೊಡಬಾರದು, ಅಷ್ಟೇ. ಅದಕ್ಕೆ ಮೊದಲು ಮಾತು ಬಿಟ್ಟವರು ಬಂದು ಕೇಳಿದರೂ ಕೊಡಬೇಕು. ಇಷ್ಟು ಸಣ್ಣ ಸಂಗತಿ ಒಂದು ಊರಿನ ತೊಟ್ಟಿಲುಗಳನ್ನೆಲ್ಲ ಅಟ್ಟಕ್ಕೆ ಏರಿಸೀತು ಎಂದು ಯಾರೂ ಎಣಿಸಿರಲಿಲ್ಲ. ಎಣಿಸಬಹುದಾಗಿದ್ದವಳು ಒಬ್ಬಳಿದ್ದಳು. ಆಕೆ ಡಾಕ್ಟರ್ ನೀಲಾಂಬಿಕಾ ಹೊಂಬಳ. ಊರ ಹೊರಗಿನ ಧಾನ್ಯಜೀವ ಪ್ರಯೋಗಾಲಯದಲ್ಲಿ ಸೂಕ್ಷ್ಮಜೀವಿಗಳನ್ನು ಸಾಕುವುದು ಅವಳ ಕೆಲಸ.

ಆಗ ಎಮ್ಮೆಗಳು ಹೋಗಿ ಹದಿನೈದು ವರ್ಷವಾಗಿತ್ತು. ಕೆಚ್ಚಲು ಜ್ವರವೆಂಬ ಹೊಸ ರೋಗ ಬಂದು ದೇಶದ ಕೊಟ್ಟಿಗೆಗಳನ್ನೆಲ್ಲ ಗುಡಿಸಿಕೊಂಡು ಹೋಗಿತ್ತು. ಉಳಿದ ನಾಲ್ಕು ಆಕಳುಗಳ ಹಾಲು ದೇವರ ಅಭಿಷೇಕಕ್ಕೆ, ಆಸ್ಪತ್ರೆಯ ಕೂಸುಗಳಿಗೆ. ಮಿಕ್ಕವರಿಗೆ ಸೋಯಾ ಹಾಲು. ಜನ ಮೊದಮೊದಲು ಮೂಗು ಮುರಿದರು, ಆಮೇಲೆ ಚಹಾಕ್ಕೆ ಹಾಕಿದರು, ಕೊನೆಗೆ ಸೋಯಾ ಪೇಢೆಯನ್ನೂ ಮಾಡಿ, ಇದು ಥೇಟ್ ಹಳೇದರ ಹಂಗೇ ಐತಿ ಎಂದು ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡು ತಿಂದರು. ಒಂದೇ ಒಂದು ಕೊರಗು ಉಳಿದಿತ್ತು. ಸೋಯಾ ಹಾಲಿನ ಮೊಸರು ಗಟ್ಟಿಯಾಗುತ್ತಿರಲಿಲ್ಲ. ರೊಟ್ಟಿಯ ಮೇಲೆ ಹಾಕಿದರೆ ತಾಟಿನ ತುಂಬ ಹರಿದಾಡುತ್ತಿತ್ತು.

ನೀಲಾಂಬಿಕಾ ಮತ್ತು ಅವಳ ಜೊತೆಯವರು ಹೊಸ ಹೆಪ್ಪು ಮಾಡಹೊರಟದ್ದು ಮೊಸರು ಗಟ್ಟಿಯಾಗಲಿ ಎಂದಲ್ಲ, ಮುದುಕಿಯರ ಎಲುಬು ಗಟ್ಟಿಯಾಗಲಿ ಎಂದು. ಸೋಯಾ ಕಾಳಿನಲ್ಲಿ ಹೆಣ್ಣಿನ ಹಾರ್ಮೋನನ್ನು ದೂರದಿಂದ ಹೋಲುವ ಒಂದು ಸತ್ವವಿದೆ. ಹೋಲಿಕೆ ಎಂದರೆ, ಸಂತೆಯಲ್ಲಿ ಯಾರನ್ನೋ ಕಂಡು ನಮ್ಮ ಸೋದರಮಾವ ಎಂದುಕೊಂಡು ಹತ್ತಿರ ಹೋದರೆ ಅಲ್ಲ ಎಂದು ಗೊತ್ತಾಗುತ್ತದಲ್ಲ, ಅಷ್ಟು. ದೇಹವೂ ಅದನ್ನು ಒಮ್ಮೆ ನೋಡಿ ಸುಮ್ಮನಾಗುತ್ತದೆ. ಆದರೆ ನೀಲಾಂಬಿಕಾ ಸಾಕಿದ ಸೂಕ್ಷ್ಮಜೀವಿ ಹಾಲನ್ನು ಮೊಸರು ಮಾಡುತ್ತಲೇ ಆ ಸತ್ವವನ್ನು ಕೊಂಚ ಕೆತ್ತಿ, ತಿದ್ದಿ, ನಿಜವಾದ ಸೋದರಮಾವನೇ ಎನ್ನುವಂತೆ ಮಾಡಿಬಿಡುತ್ತಿತ್ತು. ಮುಟ್ಟು ನಿಂತು ಎಲುಬು ಟೊಳ್ಳಾದ ಹೆಂಗಸರಿಗೆ ದಿನಕ್ಕೊಂದು ಸಣ್ಣ ಬಟ್ಟಲು ಸಾಕು, ಅಮೃತ. ಅದನ್ನೇ ಹರೆಯದ ಹೆಂಗಸು ದಿನಾ ಹೊಟ್ಟೆ ತುಂಬ ಉಂಡರೆ ಬಸಿರು ನಿಲ್ಲದ ಗುಳಿಗೆ ನುಂಗಿದ ಹಾಗೆ. ಗಂಡಸು ಉಂಡರೆ ಅವನ ಬೀಜಬಲವೂ ಇಳಿಯುತ್ತದೆ.

ಇದು ಪ್ರಯೋಗಾಲಯದಲ್ಲಿ ಎಲ್ಲರಿಗೂ ಗೊತ್ತಿತ್ತು. ಅದಕ್ಕಾಗಿಯೇ ಒಂದು ಬೇಲಿ ಹಾಕಿದ್ದರು. ಆ ಸೂಕ್ಷ್ಮಜೀವಿ ಬದುಕಲು ಬೇಕಾದ ಒಂದು ಜೀವಸತ್ವವನ್ನು ತಾನೇ ಮಾಡಿಕೊಳ್ಳುವ ಶಕ್ತಿಯನ್ನು ಕಿತ್ತುಹಾಕಿ, ಪ್ರಯೋಗಾಲಯದಲ್ಲಿ ಬುತ್ತಿ ಕಟ್ಟಿ ಕಳಿಸುತ್ತಿದ್ದರು. ಬುತ್ತಿ ಐದು ಸಲ ಹೆಪ್ಪು ಹಾಕುವಷ್ಟು ದಿನ ಬರುತ್ತಿತ್ತು. ಆರನೆಯ ಸಲ ಹಾಲು ಹಾಲಾಗಿಯೇ ಉಳಿಯಬೇಕು. ಶುದ್ಧ ಮಾಡಿದ ಗಾಜಿನ ಪಾತ್ರೆಗಳಲ್ಲಿ ನೂರು ಸಲ ಪರೀಕ್ಷಿಸಿದರು. ನೂರು ಸಲವೂ ಅದು ಹೇಳಿದ ದಿನ ಹೇಳಿದ ಹಾಗೆ ಸತ್ತಿತು.

ಮನೆಗಳಿಗೆ ಕೊಡುವ ಮೊದಲು ಕೊನೆಯ ಸಭೆ ನಡೆಯಿತು. ಎಂಟು ಜನ ವಿಜ್ಞಾನಿಗಳು, ಅವರಲ್ಲಿ ನೀಲಾಂಬಿಕಾ ಒಬ್ಬಳೇ ಹೆಂಗಸು. ನಿರ್ದೇಶಕ ಇನಾಂದಾರ್ ಕಡತ ಮುಚ್ಚುತ್ತ, ಕನ್ನಡಕದ ಮೇಲಿಂದ ಅವಳ ಕಡೆ ನೋಡಿದರು.

"ಏನ್ರಿ ನೀಲಾಂಬಿಕಾ, ನಮ್ಮೊಳಗ ಮನ್ಯಾಗ ಮೊಸರು ಮಾಡವರು ನೀವೊಬ್ಬರ ಇದ್ದೀರಿ. ಅಡಗಿಮನಿ ಕಡಿಂದ ಏನರ ಹೇಳೋದು ಅದ ಏನು?"

ಉಳಿದ ಆರು ಜನ ನಕ್ಕರು. ಕೆಟ್ಟ ನಗೆಯಲ್ಲ, ಚಹಾದ ಹೊತ್ತಿನ ನಗೆ. ಆದರೆ ನೀಲಾಂಬಿಕಾಳ ಮುಖಕ್ಕೆ ಬಿಸಿ ಏರಿತು. ಸೆರಗಿನಿಂದ ಒಗ್ಗರಣೆಯ ವಾಸನೆ ಹೋಗಲೆಂದು ಇಪ್ಪತ್ತು ವರ್ಷ ಓದಿದವಳು ಅವಳು. ಸೂಕ್ಷ್ಮಜೀವಿಯ ಬಗ್ಗೆ ಕೇಳಿದ್ದರೆ ಅರ್ಧ ಗಂಟೆ ಮಾತಾಡುತ್ತಿದ್ದಳು. ಅಡುಗೆಮನೆ ಎಂದದ್ದಕ್ಕೆ ತುಟಿ ಬಿಗಿದು ಎರಡೇ ಮಾತು ಹೇಳಿದಳು.

"ಏನಿಲ್ರಿ ಸರ್."

ಸಭೆ ಮುಗಿಯಿತು.

ಪ್ರಯೋಗಕ್ಕೆ ಒಪ್ಪಿದ ನಲವತ್ತು ಹೆಂಗಸರಲ್ಲಿ ನೀಲಾಂಬಿಕಾಳ ಅತ್ತೆ ಬಸಲಿಂಗವ್ವನೂ ಒಬ್ಬಳು. ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಮುಂಗೈ ಮುರಿದುಕೊಂಡಿದ್ದಳು. ಹೆಪ್ಪಿನ ಪೊಟ್ಟಣದ ಜೊತೆ ಬಂದ ಕಾಗದದಲ್ಲಿ ಈ ಮೊಸರನ್ನು ಬೇರೆಯವರಿಗೆ ಹಂಚಬಾರದು ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಬಸಲಿಂಗವ್ವ ಅದನ್ನು ಸೊಸೆಯ ಕೈಯಿಂದ ಓದಿಸಿ ಕೇಳಿ, ಸಹಿ ಹಾಕಿ, ಬದಿಗಿಟ್ಟಳು.

"ಹೆಪ್ಪು ಕೊಡಬ್ಯಾಡ ಅಂತ ಬರದಾರಂತ. ಬರದವರಿಗೇನು ಮನಿ ಮಠ ಇಲ್ಲೇನ ನೀಲಾ?" ಎಂದಳು.

ನೀಲಾಂಬಿಕಾ ನಕ್ಕುಬಿಟ್ಟಳು. ಐದು ಸಲ ಆದ ಮೇಲೆ ತಾನಾಗಿಯೇ ಸಾಯುವ ವಸ್ತುವಿನ ಬಗ್ಗೆ ಮುದುಕಿಯೊಡನೆ ವಾದವೇಕೆ?

ಮೊಸರು ಕತ್ತರಿಸಿ ತಿನ್ನುವ ಹಾಗೆ ಗಟ್ಟಿಯಾಯಿತು. ಎಮ್ಮೆ ಕಾಲದ ಮೊಸರನ್ನು ಮರೆತೇಹೋಗಿದ್ದ ಓಣಿಯಲ್ಲಿ ಸುದ್ದಿ ನಿಲ್ಲುತ್ತದೆಯೇ? ಮೊದಲು ಬಟ್ಟಲು ಹಿಡಿದು ಬಂದವಳು ಬಸಲಿಂಗವ್ವನ ಮಗಳು ಮಧುಮತಿ. ಎರಡು ಓಣಿ ಆಚೆಯೇ ಅವಳ ಗಂಡನ ಮನೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಗಂಡ ಚನ್ನವೀರನದು ಮೋಟರ್ ರಿಪೇರಿ ಅಂಗಡಿ. ಮದುವೆ ತಡವಾಗಿತ್ತು, ಆಗ ಅವಳಿಗೆ ಮೂವತ್ತನಾಲ್ಕು. ಆ ಯುಗಾದಿಗೆ, ಇನ್ನು ಮಗುವಿಗೆ ತಡ ಮಾಡಬಾರದೆಂದು ಗಂಡ ಹೆಂಡತಿ ನಿಶ್ಚಯಿಸಿದ್ದರು. ಅದನ್ನು ಅವಳು ಮೊದಲು ಹೇಳಿದ್ದೂ ಅಣ್ಣನ ಹೆಂಡತಿ ನೀಲಾಂಬಿಕಾಳಿಗೇ.

"ವೈನಿ, ಹೆಣ್ಣಾದ್ರ ನಿಮ್ಮಂಗ ಸೈಂಟಿಸ್ಟ್ ಮಾಡ್ತೀನಿ. ಗಂಡಾದ್ರ ಅವರಪ್ಪನ ಅಂಗಡ್ಯಾಗ ಕುಂಡ್ರಸ್ತೀನಿ" ಎಂದು ನಕ್ಕಿದ್ದಳು.

ಬಸಲಿಂಗವ್ವ ಮಗಳ ಬಟ್ಟಲಿಗೆ ಮೊಸರು ಹಾಕಿ, "ತವರಮನಿ ಹೆಪ್ಪು, ಮನ್ಯಾಗ ಹಾಲು ಮೊಸರು ತುಂಬಿರ್ಲಿ ತಾಯಿ" ಎಂದು ಹರಸಿ ಕಳಿಸಿದಳು. ನೀಲಾಂಬಿಕಾ ಅಲ್ಲೇ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು.

ಎಂಟು ವರ್ಷ ಕಳೆಯಿತು.

ಮಧುಮತಿಗೆ ಮಗುವಾಗಲಿಲ್ಲ. ಮೊದಲ ವರ್ಷ ಆದೀತು ಎಂದರು. ಎರಡನೆಯ ವರ್ಷ ಡಾಕ್ಟರರ ಹತ್ತಿರ ಹೋದರು. ಅವಳ ಮುಟ್ಟು ಏರುಪೇರಾಗಿತ್ತು, ಚನ್ನವೀರನ ಬೀಜದ ಎಣಿಕೆ ಕಡಿಮೆ ಬಂದಿತ್ತು. ಯಾಕೆ ಎಂದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ದೇಹದ ಹಾರ್ಮೋನುಗಳನ್ನೆಲ್ಲ ಅಳೆದರು. ದೇಹದ್ದಲ್ಲದ ಒಂದು ಹಾರ್ಮೋನು ಅಲ್ಲಿ ಕೂತಿರಬಹುದೆಂದು ಅಳೆಯುವವರಿಗೆ ಹೇಗೆ ಹೊಳೆಯಬೇಕು? ಗುಳಿಗೆ ನುಂಗಿದರು, ಚುಚ್ಚಿಸಿಕೊಂಡರು, ಹರಕೆ ಹೊತ್ತರು. ಪಥ್ಯ ಎಂದು ಡಾಕ್ಟರರು ಖಾರ ಬಿಡಿಸಿದರು, ಮಧುಮತಿ ಇನ್ನೊಂದು ಸೌಟು ಮೊಸರು ಹಾಕಿಕೊಂಡಳು. ಕ್ರಮೇಣ ಅವಳು ನಾಮಕರಣಗಳಿಗೆ ಹೋಗುವುದನ್ನು ಬಿಟ್ಟಳು. ಹೋಗಲು ನಾಮಕರಣಗಳೂ ಅಷ್ಟಾಗಿ ಉಳಿದಿರಲಿಲ್ಲ.

ಏಕೆಂದರೆ ಅಷ್ಟರಲ್ಲಿ ಇಡೀ ಊರಿನ ಕಥೆ ಅದೇ ಆಗಿತ್ತು. ಹುಟ್ಟುವ ಮಕ್ಕಳು ಅರ್ಧಕ್ಕೆ ಇಳಿದಿದ್ದರು. ಬಾಲವಾಡಿಗಳಲ್ಲಿ ಟೀಚರುಗಳೇ ಹೆಚ್ಚು, ಮಕ್ಕಳು ಕಡಿಮೆ. ಯಾರೋ ಸೋಯಾ ಎಂದರು, ಅಷ್ಟೇ ಸಾಕಾಯಿತು. ಸೋಯಾ ಉಂಡ ಗಂಡಸಿಗೆ ಮೀಸೆ ಉದುರುತ್ತದೆ ಎಂದು ಒಬ್ಬ, ಸೋಯಾ ಎಣ್ಣೆ ಹಚ್ಚಿಕೊಂಡರೂ ಬಂಜೆತನ ಎಂದು ಇನ್ನೊಬ್ಬ. ಬೆಳೆದವರು ಕಾಳು ಮಾರಲಾರದೆ ಕಣದಲ್ಲೇ ಬಿಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬರೆ ಹಾಕಲು ಎಮ್ಮೆಯೇ ಇಲ್ಲದ ಊರಿನಲ್ಲಿ ಸೋಯಾಕ್ಕೆ ಹಾಕಿದರು.

ಸರಕಾರ ಧಾನ್ಯಜೀವಕ್ಕೇ ಪರೀಕ್ಷೆಯ ಕೆಲಸ ಕೊಟ್ಟಿತು. ನೀಲಾಂಬಿಕಾ ಮುಂದಾಳು. ಕಾಳು ನೋಡಿದಳು, ಹಿಟ್ಟು ನೋಡಿದಳು, ಪ್ಯಾಕೆಟ್ಟಿನ ಹಾಲು ನೋಡಿದಳು. ಏನೂ ಇಲ್ಲ. ಎಲ್ಲಿ ಬೆಳೆದರೂ ಅದೇ ಕಾಳು, ಅದೇ ದೂರದ ಹೋಲಿಕೆಯ ಬಡಪಾಯಿ ಸತ್ವ. ಬೇರೆ ಊರುಗಳಲ್ಲಿ ಇಷ್ಟೇ ಸೋಯಾ ಉಣ್ಣುವವರಿಗೆ ಮಕ್ಕಳು ಹುಟ್ಟುತ್ತಲೇ ಇದ್ದರು. ಕೊನೆಗೆ ಮಕ್ಕಳಾಗದ ಇನ್ನೂರು ದಂಪತಿಗಳ ಮೂತ್ರ ತರಿಸಿ ಯಂತ್ರಕ್ಕೆ ಕೊಟ್ಟಳು. ಮರುದಿನ ಬೆಳಿಗ್ಗೆ ಪರದೆಯ ಮೇಲೆ ಒಂದು ಗೆರೆ ಎದ್ದು ನಿಂತಿತ್ತು. ಹತ್ತರಲ್ಲಿ ಒಂಬತ್ತು ಜನರಲ್ಲಿ ಅದೇ ಗೆರೆ. ಆ ಗೆರೆ ಯಾವುದು ಎಂದು ಕಂಡುಹಿಡಿಯಲು ಅವಳು ಪುಸ್ತಕ ತೆರೆಯಬೇಕಾಗಿರಲಿಲ್ಲ. ಅವಳೇ ಮಾಡಿದ್ದು.

ಎಂಟು ವರ್ಷದ ಹಿಂದೆ ಐದೇ ಸಲಕ್ಕೆ ಸಾಯಬೇಕಾದದ್ದು ಇನ್ನೂ ಹೇಗೆ ಬದುಕಿದೆ? ಪ್ರಯೋಗ ಮುಗಿದ ಮೇಲೆ ಹೊಸ ಪೊಟ್ಟಣ ಒಂದನ್ನೂ ಕೊಟ್ಟಿರಲಿಲ್ಲ. ನೀಲಾಂಬಿಕಾ ಹಳೆಯ ತಳಿಯನ್ನು ಶೀತಪೆಟ್ಟಿಗೆಯಿಂದ ತೆಗೆದು ಮತ್ತೆ ಪರೀಕ್ಷಿಸಿದಳು. ಆರನೆಯ ಸಲ ಅದು ಶಿಸ್ತಾಗಿ ಸತ್ತಿತು. ತಲೆ ಸಿಡಿಯತೊಡಗಿ, ಅರ್ಧ ದಿನ ರಜೆ ಹಾಕಿ ಮಧ್ಯಾಹ್ನ ಮನೆಗೆ ಬಂದಳು.

ಬಸಲಿಂಗವ್ವ ಅಡುಗೆಮನೆಯಲ್ಲಿ ಹೆಪ್ಪು ಹಾಕುತ್ತಿದ್ದಳು. ಹಾಲಿನ ಗಡಿಗೆಗೆ ಬೆರಳು ಅದ್ದಿ ಬಿಸಿ ನೋಡಿ, ಒಂದು ಚಮಚ ಮೊಸರು ಬಿಟ್ಟಳು. ಆಮೇಲೆ ಬುಟ್ಟಿಯಲ್ಲಿದ್ದ ಹಸಿಮೆಣಸಿನಕಾಯಿಗಳಲ್ಲಿ ನಾಲ್ಕರ ತೊಟ್ಟು ಮುರಿದು ಹಾಲಿಗೆ ಹಾಕಿದಳು.

"ಅದ್ಯಾಕ್ರಿ ಅತ್ತಿ?" ನೀಲಾಂಬಿಕಾಳ ದನಿ ಅವಳಿಗೇ ಬೇರೆಯವರದೆನಿಸಿತು.

"ಏನು, ತೊಟ್ಟು? ಹೆಪ್ಪು ಸ್ವಲ್ಪ ಸಡ್ಲ ಆತು ಅಂದ್ರ ಹಾಕೂದವಾ. ನಿಮ್ಮ ಲ್ಯಾಬಿಂದು ಸೈತ ನಾಕ ದಿನಕ್ಕ ನೀರು ನೀರು ಆಗ್ಲಿಕ್ಕೆ ಹತ್ತಿತ್ತು. ತೊಟ್ಟು ಹಾಕಿದೆ, ಕಲ್ಲ ಆದಂಗ ಆತು. ನಮ್ಮವ್ವನೂ ಹಾಕ್ತಿದ್ಲು. ನಿಮ್ಮವ್ವ ಹಾಕ್ತಿದ್ದಿಲ್ಲೇನು?"

ಹಾಕುತ್ತಿದ್ದಳು. ಹತ್ತು ವರ್ಷದ ಹುಡುಗಿ ನೀಲಾಂಬಿಕಾ ತಾನೇ ತೊಟ್ಟು ಮುರಿದು ಕೊಟ್ಟು, ಆ ಕೈಯಿಂದ ಕಣ್ಣುಜ್ಜಿಕೊಂಡು ಅತ್ತದ್ದೂ ಉಂಟು. ಮೆಣಸಿನ ತೊಟ್ಟಿನ ಮೇಲೆ ಕಾಡು ಸೂಕ್ಷ್ಮಜೀವಿಗಳು ಇರುತ್ತವೆ, ಅದಕ್ಕೇ ಅದು ಹಾಲನ್ನು ಹೆಪ್ಪಾಗಿಸುತ್ತದೆ ಎಂದು ಅವಳಿಗೆ ಓದಿಯೂ ಗೊತ್ತಿತ್ತು. ಅವು ಒಂದೇ ಗಡಿಗೆಯಲ್ಲಿ ಕೂಡಿ ಬೆಳೆದರೆ ತಾವು ಮಾಡಿದ ಜೀವಸತ್ವವನ್ನು ಪಕ್ಕದವರಿಗೂ ಸೋರಬಿಡುತ್ತವೆ. ಬುತ್ತಿ ತೀರಿದ ಅವಳ ಜೀವಿಗೆ ಅಷ್ಟೇ ಬೇಕಿತ್ತು. ಓಣಿ ಓಣಿಯ ಗಡಿಗೆಗಳಲ್ಲಿ ಅದು ಎಂಟು ವರ್ಷ ನೆರೆಮನೆಯ ಊಟ ಉಂಡುಕೊಂಡು ಸುಖವಾಗಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಆದರೆ ಆ ದಿನ ಸಭೆಯಲ್ಲಿ ಅವಳು ತನ್ನ ಅಂಗೈಯನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡಿದ್ದಳು.

ಆ ಗಡಿಗೆಯಿಂದ ಒಂದು ಚಮಚ ತೆಗೆದುಕೊಂಡು ಹೋಗಿ ನೋಡಿದಳು. ಅನುಮಾನವೇ ಇರಲಿಲ್ಲ.

ಇನಾಂದಾರ್ ವರದಿಯನ್ನು ಎರಡು ಸಲ ಓದಿದರು. ಅವರ ನಿವೃತ್ತಿಗೆ ಇನ್ನು ಆರು ತಿಂಗಳಿತ್ತು.

"ಮೆಣಸಿನಕಾಯಿ ತೊಟ್ಟು. ಯಾರಿಗೆ ಹೊಳೀಬೇಕ್ರಿ ಇದು? ಯಾರಿಗರ ಗೊತ್ತಿರ್ತದೇನು?"

"ನನಗ ಗೊತ್ತಿತ್ರಿ ಸರ್. ನೀವು ಕೇಳಿದ್ರಿ. ಅಡಗಿಮನಿ ಕಡಿಂದ ಏನರ ಅದ ಏನು ಅಂತ."

"ನಾನು ಕೇಳಿದ್ನೆ?" ಅವರಿಗೆ ನೆನಪೇ ಇರಲಿಲ್ಲ. ವರದಿಯನ್ನು ಮಡಚಿಟ್ಟು, "ನಾವು ಏಳು ಮಂದಿ ಗಂಡಸರೂ ಅದನ್ನ ಉಂಡೇ ಬೆಳದವರು. ನಮಗೂ ತಿಳಿಲಿಲ್ಲ. ನಿಮ್ಮೊಬ್ಬರ ತಲಿ ಮ್ಯಾಲೆ ಹಾಕ್ಕೋಬ್ಯಾಡ್ರಿ" ಎಂದರು.

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ನೀಲಾಂಬಿಕಾಳಿಗೆ ಅದರಿಂದ ಏನೂ ಹಗುರಾಗಲಿಲ್ಲ. ತಿಳಿಯದವರ ತಪ್ಪೇ ಬೇರೆ, ತಿಳಿದು ತುಟಿ ಬಿಗಿದವಳ ತಪ್ಪೇ ಬೇರೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಪ್ರಯೋಗಾಲಯ ತಪ್ಪು ಒಪ್ಪಿಕೊಂಡು ಪ್ರಕಟಣೆ ಕೊಟ್ಟಿತು. ನಲವತ್ತು ಮನೆಗಳಲ್ಲಿ ಯಾವ ಮನೆಯ ಗಡಿಗೆಯಿಂದ ಹರಡಿತು ಎಂಬುದನ್ನು ಮಾತ್ರ ಅದರಲ್ಲಿ ಬರೆದಿರಲಿಲ್ಲ. ಮೊಸರೆಲ್ಲ ಚೆಲ್ಲಿ, ಗಡಿಗೆ ಕುದಿಸಿ, ಎಂಟು ದಿನ ಊರಿಗೆ ಊರೇ ಮೊಸರಿಲ್ಲದೆ ಉಂಡು, ಆಮೇಲೆ ಪರವೂರಿಂದ ತರಿಸಿದ ಹೆಪ್ಪಿನಿಂದ ಶುರು ಮಾಡಬೇಕು. ಜನ ಬೈದರು; ಕಲ್ಲು ತೂರಿ ಪ್ರಯೋಗಾಲಯದ ಕಿಟಕಿಗಳನ್ನೂ ಒಡೆದರು. ಆದರೂ ಹೇಳಿದ ಹಾಗೆ ಮಾಡಿದರು. ಮೊಸರು ಬಿಟ್ಟ ಆರು ತಿಂಗಳಿಗೆ ಹೆಚ್ಚಿನವರ ದೇಹ ಹಳೆಯ ಹಳಿಗೆ ಬರುತ್ತದೆ ಎಂದು ಪ್ರಕಟಣೆಯಲ್ಲಿತ್ತು. ಹಾಗೆಯೇ ಆಯಿತು. ನೋಡನೋಡುತ್ತ ಓಣಿಯಲ್ಲಿ ಇಬ್ಬರು ಮೂವರು ಹುಣಸೆಹಣ್ಣು ಚೀಪುವವರು ಕಾಣತೊಡಗಿದರು.

ಪ್ರಕಟಣೆ ಬಂದ ದಿನವೇ ಮಧುಮತಿ ಶಾಲೆಯಿಂದ ನೇರ ಓಡಿ ಬಂದಿದ್ದಳು. ಅವಳ ಮುಖ ಅಷ್ಟು ಅರಳಿದ್ದನ್ನು ನೀಲಾಂಬಿಕಾ ಎಂಟು ವರ್ಷದಿಂದ ಕಂಡಿರಲಿಲ್ಲ.

"ವೈನಿ, ನನ್ನೊಳಗ ಏನೂ ದೋಷ ಇರ್ಲಿಲ್ಲಂತ! ಇವರೊಳಗೂ ಇಲ್ಲ! ಯಾರ ಮನಿ ಮೊಸರೋ ಏನೋ, ಹಾಳಾಗ್ಲಿ. ಇನ್ನ ಆಗ್ತದಲ್ಲ?"

ನೀಲಾಂಬಿಕಾ, "ನೋಡೋಣು ಮಧು" ಎಂದಷ್ಟೇ ಅಂದಳು. ಯಾರ ಮನೆಯ ಮೊಸರು ಎಂದು ಹೇಳಲು ಆ ದಿನ ಅವಳ ಬಾಯಿ ಏಳಲಿಲ್ಲ.

ಆರು ತಿಂಗಳು ಬಿಟ್ಟು ಮಧುಮತಿ ನೀಲಾಂಬಿಕಾಳನ್ನು ಕರೆದುಕೊಂಡು ಡಾಕ್ಟರರ ಹತ್ತಿರ ಹೋದಳು. ಚನ್ನವೀರನ ಎಣಿಕೆ ಪೂರ್ತಿ ಸರಿಯಾಗಿತ್ತು. ಮಧುಮತಿಯ ಮುಟ್ಟೂ ಸರಿಯಾಗಿತ್ತು. ಆದರೆ ಅವಳ ವಯಸ್ಸು ಈಗ ನಲವತ್ತೆರಡು ದಾಟಿತ್ತು. ಹೆಂಗಸಿನ ಅಂಡಗಳು ಹುಟ್ಟುವಾಗಲೇ ಲೆಕ್ಕ ಹಾಕಿ ಬಂದವು. ಮೊಸರು ಬಸಿರನ್ನು ತಡೆದಿತ್ತೇ ಹೊರತು ಕಾಲವನ್ನು ತಡೆದಿರಲಿಲ್ಲ. ಅವಳಿಗೆ ಉಳಿದದ್ದು ಏನೇನೂ ಇಲ್ಲ ಎನ್ನುವಷ್ಟು. ಡಾಕ್ಟರಮ್ಮ ಮೆತ್ತಗೆ, "ನಾಕೈದು ವರ್ಷ ಮೊದಲ ಆಗಿದ್ರ ಮಾತು ಬ್ಯಾರೆ ಇತ್ತು" ಎಂದರು.

ಮರಳಿ ಬರುವಾಗ ಕೆಲಗೇರಿ ಕೆರೆಯ ದಂಡೆಯಲ್ಲಿ ಮಧುಮತಿಯೇ ಗಾಡಿ ನಿಲ್ಲಿಸ್ರಿ ಎಂದಳು. ಇಬ್ಬರೂ ಕಲ್ಲು ಬೆಂಚಿನ ಮೇಲೆ ಕೂತರು. ಬಿಸಿಲು ಇನ್ನೂ ಇತ್ತು. ಮಧುಮತಿ ಅಳಲಿಲ್ಲ, ವರದಿಯ ಕಾಗದವನ್ನು ಮಡಚುತ್ತ, ಬಿಚ್ಚುತ್ತ ಇದ್ದಳು. ಇನ್ನು ಒಂದು ದಿನ ತಡೆದರೂ ತಾನು ಜೀವನವಿಡೀ ಹೇಳಲಾರೆ ಎಂದು ನೀಲಾಂಬಿಕಾಳಿಗೆ ಅನಿಸಿತು. ಹೇಳಿದಳು. ಅವ್ವನ ಗಡಿಗೆ, ತವರಿನ ಹೆಪ್ಪು, ತೊಟ್ಟು, ಸಭೆ, ಇನಾಂದಾರ್ ಕೇಳಿದ್ದು, ತಾನು ಏನಿಲ್ಲ ಎಂದದ್ದು.

ಮಧುಮತಿ ಕಾಗದ ಮಡಚುವುದನ್ನು ನಿಲ್ಲಿಸಿದಳು. "ನಿಮಗ ಗೊತ್ತಿತ್ತು, ವೈನಿ?"

"ಗೊತ್ತಿತ್ತು."

"ಮತ್ತ ಯಾಕ ಹೇಳ್ಲಿಲ್ಲ?"

"ಅಡಗಿಮನಿ ಮಾತು ಅಂತ ನಾಚಿಕಿ ಬಂತು, ಮಧು. ಅಷ್ಟ. ಬ್ಯಾರೆ ಏನೂ ಇಲ್ಲ."

"ನಾಚಿಕಿ," ಎಂದಳು ಮಧುಮತಿ. ಗಣಿತದ ಟೀಚರು ಮಕ್ಕಳ ತಪ್ಪು ಉತ್ತರವನ್ನು ಇನ್ನೊಮ್ಮೆ ಓದುವ ಹಾಗೆ ಓದಿದಳು. "ನಾನು ಎಂಟು ವರ್ಷ ನನ್ನ ಮೈಯಿಗೇ ಬೈಕೋತ ಬಂದೆ. ಇವರು ಒಂದು ದಿನ ಒಂದು ಮಾತು ಅನ್ಲಿಲ್ಲ, ಅದಕ್ಕೂ ಬೈಕೊಂಡೆ. ನಿಮಗ ನಾಚಿಕಿ ಬಂದಿತ್ತಂತ."

ನೀಲಾಂಬಿಕಾಳಿಗೆ ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕ್ಷಮಿಸು ಎಂದು ಕೇಳಬೇಕೆನಿಸಿತು. ಅಷ್ಟು ದೊಡ್ಡದಕ್ಕೆ ಅಷ್ಟು ಸಣ್ಣ ಮಾತು ಆಡಲು ಹೆದರಿ ನುಂಗಿದಳು.

ಮಧುಮತಿ ಎದ್ದು ಸೀರೆಯ ಧೂಳು ಕೊಡವಿಕೊಂಡಳು. "ನಾ ನಡಕೋತ ಹೋಗ್ತೀನಿ. ನೀವು ಹೋಗ್ರಿ." ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. "ಅವ್ವಗ ಮಾತ್ರ ಹೇಳಬ್ಯಾಡ್ರಿ. ಆಕಿ ಬದುಕಂಗಿಲ್ಲ."

ಅನಂತರ ಮಧುಮತಿ ತವರಿಗೆ ಬರುವುದನ್ನು ನಿಲ್ಲಿಸಿದಳು. ಮೊದಲ ವಾರ ಬಸಲಿಂಗವ್ವ ಏನೂ ಕೇಳಲಿಲ್ಲ. ಎರಡನೆಯ ವಾರ, "ಯಾಕ, ಮಧು ಬರವಲ್ಲಳು?" ಎಂದಳು. ಪರೀಕ್ಷೆಯ ಪೇಪರ್ ತಿದ್ದುತ್ತಿದ್ದಾಳೆ ಎಂದು ನೀಲಾಂಬಿಕಾ ಹೇಳಿದಳು. ಯಾವ ಪರೀಕ್ಷೆ ಎಂದು ಮುದುಕಿ ಕೇಳಲಿಲ್ಲ. ಶಾಲೆಗೆ ರಜೆ ಎಂದು ಓಣಿಯ ಎಲ್ಲರಿಗೂ ಗೊತ್ತಿತ್ತು.

ಒಂದು ಮುಂಜಾನೆ ನೀಲಾಂಬಿಕಾ ಕೆಲಸಕ್ಕೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದಾಗ ಬಸಲಿಂಗವ್ವ ಬಾಗಿಲಿಗೆ ಬಂದು ನಿಂತಳು. ಬಾಗಿಲ ಚೌಕಟ್ಟು ಹಿಡಿದ ಅವಳ ಮುಂಗೈ ಈಗ ಗಟ್ಟಿಯಾಗಿತ್ತು. ಪ್ರಯೋಗ ಅದರ ಮಟ್ಟಿಗೆ ಗೆದ್ದಿತ್ತು.

"ನೀಲಾ, ಒಂದು ಕೇಳ್ತೀನಿ, ಖರೇ ಹೇಳು. ಅವತ್ತ ನೀನು ನಮ್ಮ ಗಡಿಗಿಂದ ಒಂದು ಚಮಚಾ ಮೊಸರು ಒಯ್ದಿದ್ದೆಲ್ಲ. ಅದರಾಗ ಏನರ ಬಂತೇನು?"

ನೀಲಾಂಬಿಕಾ ಚಪ್ಪಲಿಯ ಪಟ್ಟಿಯ ಕಡೆ ಬಗ್ಗಿದಳು.

"ಏನಿಲ್ರಿ ಅತ್ತಿ. ನಮ್ಮ ಗಡಿಗಿ ಸ್ವಚ್ಛ ಇತ್ತು."

"ಹಂಗಾದ್ರ ಛಲೋ ಆತು ಬಿಡು," ಎಂದಳು ಬಸಲಿಂಗವ್ವ. ತುಸು ಹೊತ್ತು ಸೊಸೆಯ ಬಗ್ಗಿದ ತಲೆಯನ್ನು ನೋಡಿ ಒಳಗೆ ಹೋದಳು.

ಆ ದಿನ ರಾತ್ರಿ ಊಟಕ್ಕೆ ಕೂತಾಗ ಮುದುಕಿ ಕೊನೆಯ ಅನ್ನಕ್ಕೆ ಬರೀ ನೀರು ಸುರಿದುಕೊಂಡು ಉಂಡಳು. ಮರುದಿನವೂ ಹಾಗೆಯೇ ಉಂಡಳು. ಆಮೇಲೆ ಬಸಲಿಂಗವ್ವ ಮತ್ತೆ ಮೊಸರು ಮುಟ್ಟಲಿಲ್ಲ. ಯಾಕ್ರಿ ಅತ್ತಿ ಎಂದು ನೀಲಾಂಬಿಕಾ ಕೇಳಲಿಲ್ಲ.